ಬೀಗತಿಗೊಂದು ಖಣ

"ನಾನು ಪ್ರೀತಿಯಲ್ಲಿ ಬಿದ್ದಿದ್ದೇನೆ" ಎಂದು ನನ್ನ ಅತ್ತೆ ಹೇಳಿದ್ದು ಬೆಳಗಿನ ಕಾಫಿಯ ಹೊತ್ತಿನಲ್ಲಿ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ. ಅವರಿಗೆ ಅರವತ್ತು ದಾಟಿತ್ತು. ಗಂಡ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಆ ಗಂಡ, ಅಂದರೆ ನಾನು ನೋಡದ ನನ್ನ ಮಾವ, ಗೋಡೆಯ ಮೇಲಿನ ದೊಡ್ಡ ಚಿತ್ರಪಟದಲ್ಲಿ ಮೀಸೆ ಹುರಿಮಾಡಿಕೊಂಡು ನಮ್ಮ ಮೇಜನ್ನೇ ನೋಡುತ್ತಿದ್ದರು. ನನ್ನ ಗಂಡ ಲೂಕ್ ಕಪ್ಪನ್ನು ಕೆಳಗಿಟ್ಟು, "ಬಹಳ ಸಂತೋಷ, ಅಮ್ಮಾ. ಯಾರವರು?" ಎಂದು ಕೇಳಿದ. ನಮ್ಮೂರಲ್ಲಿ ಯಾವ ಬಸ್ಸಿಗೆ ಬಂದಿರಿ ಎಂದು ಕೇಳುವಷ್ಟೇ ಸಲೀಸು. ನಾನೊಬ್ಬಳೇ ತಲೆ ತಗ್ಗಿಸಿ ಬ್ರೆಡ್ಡಿನ ಪುಡಿಯನ್ನು ಬೆರಳಿನಿಂದ ಗುಡ್ಡೆ ಮಾಡುತ್ತ ಕೂತೆ. ಪ್ರೀತಿ ಮಾಡಿದವರು ಅವರು, ನಾಚಿಕೆ ನನಗೆ.

ಕಲಘಟಗಿಯಿಂದ ಪ್ಯಾರಿಸ್ಸಿಗೆ ಬಂದು ಸೇರಿದ ಮೇಲೆ ಊರಿನವರು "ಅಲ್ಲಿ ಹ್ಯಾಂಗದವಾ?" ಎಂದು ಕೇಳುತ್ತಲೇ ಇರುತ್ತಾರೆ. ಚಳಿ, ಚೀಸು, ಎತ್ತರದ ಕಬ್ಬಿಣದ ಗೋಪುರ, ಇಷ್ಟು ಹೇಳಿದರೆ ಅವರಿಗೆ ಸಾಕು. ಹೇಳದೆ ನುಂಗಿಕೊಂಡದ್ದು ಬೇರೆ ಇದೆ. ಅದು ಈ ಅತ್ತೆಯ ಪ್ರೀತಿಗೂ ನನ್ನ ಅವ್ವನಿಗೂ ಸಂಬಂಧಪಟ್ಟದ್ದು. ಎಷ್ಟು ನೆನೆದರೂ ನನ್ನ ಕಿವಿ ಬಿಸಿಯಾಗುವುದು ನಿಂತಿಲ್ಲ, ಆದ್ದರಿಂದ ಬರೆದೇ ನೋಡೋಣವೆಂದು ಕೂತಿದ್ದೇನೆ.

ಲೂಕ್ ನಮ್ಮೂರಿಗೆ ಬಂದದ್ದು ತೊಟ್ಟಿಲು ನೋಡಲು. ಕಲಘಟಗಿಯ ಬಣ್ಣದ ತೊಟ್ಟಿಲನ್ನು ಅವನು ಯಾವುದೋ ಮ್ಯೂಸಿಯಮ್ಮಿನ ಗಾಜಿನ ಹಿಂದೆ ಕಂಡಿದ್ದನಂತೆ. ಹುಬ್ಬಳ್ಳಿಯ ಬಸ್ಸಿಳಿದು, ಬಿಸಿಲಿಗೆ ಕೆಂಪು ಮೆಣಸಿನಕಾಯಿಯಾಗಿ, ನಮ್ಮ ಬಾಜು ಮನೆಯ ತೊಟ್ಟಿಲು ಮಾಡುವವರ ಪಡಸಾಲೆಯಲ್ಲಿ ನಿಂತಿದ್ದ. ಊರ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದ ನನ್ನನ್ನು, ಇಂಗ್ಲಿಷು ಬರುತ್ತದೆಂದು, ಕರೆಸಿದರು. ನಾನು ಹೋಗುವ ಹೊತ್ತಿಗೆ ಅವನು ಅರಗಿನ ಹೊಳಪನ್ನು ನೋಡುತ್ತ ಒಂದು ಬೆರಳಿನಿಂದ ಬರಿ ತೊಟ್ಟಿಲನ್ನು ಮೆಲ್ಲಗೆ ತೂಗುತ್ತಿದ್ದ. ನನ್ನ ಹಿಂದೆಯೇ ಬಂದಿದ್ದ ಅವ್ವ ಬಾಗಿಲಲ್ಲಿ ನಿಂತು ಕೂಗಿದಳು: "ಏ ತಮ್ಮಾ, ಖಾಲಿ ತೊಟ್ಟಿಲಾ ತೂಗಬಾರದೋ! ಕೂಸಿಗಿ ಕೇಡು!"

ಅವಳು ಅಳಿಯನಿಗೆ ಆಡಿದ ಮೊದಲ ಮಾತು ಅದು. ಅವನು ಅಂಜಿ ಕೈ ಹಿಂದೆ ತೆಗೆದದ್ದನ್ನು ನೋಡಿ ನನಗೆ ನಗು ಬಂತು. ಆ ನಗು ಮುಂದೆ ಎಲ್ಲಿಗೆ ಒಯ್ಯುತ್ತದೆಂದು ಯಾರಿಗೆ ಗೊತ್ತಿತ್ತು? ಅವನು ಮತ್ತೆ ಬಂದ, ಮತ್ತೊಮ್ಮೆ ಬಂದ. ಮನೆ ನಡೆಸುವ ಕಾಕಾ, ಅಂದರೆ ಅಪ್ಪನ ತಮ್ಮ, ಕೂಗಾಡಿದರು, ಕಾಕಿ ಅತ್ತಳು, ಧಾರವಾಡದಲ್ಲಿ ರಿಜಿಸ್ಟರ್ ಮದುವೆಯಾಯಿತು. ಕೊನೆಗೆ ಕಾಕಾನೇ ಅವನಿಗೆ ಲೂಕಪ್ಪ ಎಂದು ಹೆಸರಿಟ್ಟು ಬದಿಗೆ ಕೂಡಿಸಿಕೊಂಡು ಉಂಡರು.

ಅವ್ವ ಮಾತ್ರ ಎಲ್ಲದರಲ್ಲೂ ಹಿಂದೆಯೇ. ನಾನು ಕನ್ನಡ ಶಾಲೆಯಲ್ಲಿದ್ದಾಗ ಅಪ್ಪ ತೀರಿಕೊಂಡ. ಅಂದಿನಿಂದ ಹಬ್ಬ, ಸೀಮಂತ, ನಾಮಕರಣ, ಯಾವುದಕ್ಕೂ ಅವ್ವ ಮುಂದೆ ಬಂದವಳಲ್ಲ. ಬೇಡ ಎಂದು ಅವಳಿಗೆ ಯಾರೂ ಬಾಯಿ ಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಹೆಣ್ಣುಮಗಳು ಮನೆಯಿಂದ ಹೊರಡುವಾಗ ನಮ್ಮಲ್ಲಿ ಉಡಿ ತುಂಬುತ್ತಾರೆ. ಚಾಚಿದ ಸೆರಗಿನೊಳಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅಡಿಕೆ, ಕುಬಸದ ಖಣ. ತುಂಬುವವಳೂ ಮುತ್ತೈದೆ, ತುಂಬಿಸಿಕೊಳ್ಳುವವಳೂ ಮುತ್ತೈದೆ. ನಾನು ಫ್ರಾನ್ಸಿಗೆ ಹೊರಟ ದಿನ ಕಾಕಿ ಉಡಿ ತುಂಬಿದಳು. ಅವ್ವ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತಿದ್ದಳು, ಅವಳ ಕಾಲಿನ ಬೆರಳು ಮಾತ್ರ ಕಾಣುತ್ತಿದ್ದವು. ಇದನ್ನೆಲ್ಲ ಬೇಡವೆಂದು ಶರಣರು ಎಂದೋ ಹೇಳಿಹೋಗಿದ್ದಾರೆ. ನಮ್ಮ ಮನೆಯಲ್ಲಿ ಶರಣರ ಮಾತಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೆವು.

ಬಂದು ಇಳಿದ ಮನೆಯ ಬಗ್ಗೆ ಹೇಳಬೇಕು. ಲೂಕನ ಮನೆತನ ದೊಡ್ಡದು, ಹೆಸರಿನ ಮಧ್ಯೆ ಒಂದು 'ದ' ಬರುತ್ತದೆ. ಆ ಒಂದಕ್ಷರಕ್ಕೆ ಇಲ್ಲಿ ನಮ್ಮ ಕಡೆ 'ದೇಸಗತಿ' ಎನ್ನುವ ಮಾತಿಗೆ ಇರುವಷ್ಟು ತೂಕ. ಅತ್ತೆಗೆ ಕೌಂಟೆಸ್ ಎಂಬ ಬಿರುದು, ಮನೆಯಲ್ಲಿ ಎಲ್ಲರೂ ಮದಾಮ್ ಎಲೆನ್ ಎನ್ನುತ್ತಾರೆ. ಅರಮನೆಯನ್ನು ಎಣಿಸಿಕೊಂಡು ಬಂದ ನನಗೆ ಸಿಕ್ಕಿದ್ದು ನಮ್ಮ ಕಡೆಯ ಹಳೆಯ ವಾಡೆಯಂಥ ಮನೆ: ಹೆಸರು ದೊಡ್ಡದು, ಒಳಗೆ ಥಂಡಿ. ಎತ್ತರದ ಕೋಣೆಗಳಲ್ಲಿ ಎರಡನ್ನು ಮಾತ್ರ ಬೆಚ್ಚಗಿಡುತ್ತಿದ್ದರು. ಕುರ್ಚಿಗಳಿಗೆ ಅಡ್ಡ ರಿಬ್ಬನ್ನು ಕಟ್ಟಿರುತ್ತಿತ್ತು, ಅವು ಕೂಡಲಿಕ್ಕಲ್ಲ, ಅಜ್ಜನ ಅಜ್ಜ ಕೂತಿದ್ದನೆಂದು ನೋಡಲಿಕ್ಕೆ. ಮೊದಲ ದಿನವೇ ಅವುಗಳಲ್ಲೊಂದರ ಮೇಲೆ ಕೂತು ಕಾಲು ಮಡಿಚಿದೆ. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಊಟದಲ್ಲಿಯೂ ಹಾಗೇ ಆಯಿತು. ನಮ್ಮಲ್ಲಿ ಬೀಗರ ಮನೆಯಲ್ಲಿ ಬಡಿಸಲು ಬಂದರೆ "ಸಾಕ್ರಿ, ಸಾಕ್ರಿ" ಎಂದು ಎಲೆಗೆ ಕೈ ಅಡ್ಡ ಹಿಡಿಯಬೇಕು, ಅವರು ಕೈ ಸರಿಸಿ ಬಡಿಸಬೇಕು. ಇಲ್ಲಿ ಒಮ್ಮೆ ಬೇಡವೆಂದರೆ ತಟ್ಟೆ ಮುಂದಿನವರ ಕಡೆಗೆ ಹೋಗಿಯೇ ಬಿಡುತ್ತದೆ. ಮೊದಲ ವಾರ ನಾನು ಮರ್ಯಾದೆ ಕಾಪಾಡಿಕೊಂಡು ಉಪವಾಸ ಮಲಗಿದೆ.

ಭಾಷೆಯಲ್ಲಿ ಇನ್ನೊಂದು ಸೋಜಿಗ. ಇಲ್ಲಿ 'ನೀನು' ಎನ್ನಲು ಒಂದು ಮಾತು, 'ನೀವು' ಎನ್ನಲು 'ವೂ' ಎಂದು ಇನ್ನೊಂದು. ಈ ಹಳೆಯ ಮನೆತನಗಳಲ್ಲಿ ಮಗ ತಾಯಿಗೆ, ತಾಯಿ ಮಗನಿಗೆ, ಗಂಡ ಹೆಂಡತಿಗೆ, ಎಲ್ಲರೂ ಎಲ್ಲರಿಗೂ ವೂ. ನಾನು ಬೆಳೆದದ್ದು "ಯವ್ವಾ, ನೀ ಸುಮ್ನಿರಬೇ" ಎಂದು ಗದರಿಕೊಂಡು, ಗದರಿಸಿಕೊಂಡು. ತಾಯಿಗೆ 'ರೀ' ಹಚ್ಚಿ ಮಾತಾಡುವ ಮನೆಯಲ್ಲಿ ಅವರಿಗೆ ಪ್ರೀತಿ ಇದೆಯೋ ಇಲ್ಲವೋ ಎಂದು ತಿಳಿಯದೆ ಮೊದಲ ಚಳಿಗಾಲವೆಲ್ಲ ಕಿಟಕಿಯ ಪಕ್ಕ ಕೂತು ಕಳೆದೆ. ಗಂಡಸರು ಬಂದರೆ ಮದುವೆಯಾದ ಹೆಂಗಸಿನ ಕೈ ಹಿಡಿದು ಬಾಗಿ ತುಟಿ ತಾಗಿಸಿದಂತೆ ಮಾಡುತ್ತಾರೆ. ಮದುವೆಯಾಗದ ಹುಡುಗಿಗೆ ಹಾಗೆ ಮಾಡುವಂತಿಲ್ಲ. ಮೊದಲ ಸಲ ಒಬ್ಬ ಮುದುಕ ನನ್ನ ಕೈಗೆ ಬಾಗಿದಾಗ ಅದರಲ್ಲಿ ಬೆಳ್ಳುಳ್ಳಿಯ ವಾಸನೆಯಿತ್ತು. ಅವನು ಕೆಮ್ಮಿದ.

ನನ್ನ ಕಡೆಯವರೆಂದು ಸಿಕ್ಕಿದ್ದು ರೋಜಾ ಒಬ್ಬಳೇ. ಇಲ್ಲಿ ದೊಡ್ಡ ಮನೆಗಳ ಬಾಗಿಲಲ್ಲಿ ಸಣ್ಣ ಕೋಣೆಯಲ್ಲಿದ್ದುಕೊಂಡು ಬೀಗ, ಟಪಾಲು, ಮೆಟ್ಟಿಲು ನೋಡಿಕೊಳ್ಳುವವರಿಗೆ ಕೋನ್ಸಿಯೆರ್ಜ್ ಎನ್ನುತ್ತಾರೆ. ರೋಜಾ ನಮ್ಮ ಮನೆಯ ಕೋನ್ಸಿಯೆರ್ಜ್, ಪೋರ್ತುಗಲ್ಲಿನ ಹಳ್ಳಿಯವಳು. ನಾನು ರೊಟ್ಟಿಗಾಗಿ ಹಲುಬುವುದನ್ನು ಕೇಳಿ ಆಫ್ರಿಕದವರ ಅಂಗಡಿಗಳಿರುವ ಓಣಿಗೆ ಕರೆದೊಯ್ದಳು. ಅಲ್ಲಿ ಜೋಳದ ಹಿಟ್ಟಿತ್ತು! ಸ್ವಲ್ಪ ಕೆಂಪು, ಸ್ವಲ್ಪ ದಪ್ಪ, ಆದರೆ ಜೋಳವೇ. ಆ ದಿನ ಮದಾಮ್ ಎಲೆನ್ ಅವರ ಅಡುಗೆಮನೆಯಲ್ಲಿ ನಾನು ರೊಟ್ಟಿ ಬಡಿದ ಸಪ್ಪಳಕ್ಕೆ ಕೆಳಗಿನ ಮನೆಯವರು ಏನು ಬಿತ್ತೆಂದು ಕೇಳಲು ಬಂದರು. ಅತ್ತೆ ಅವರ ಕೈಗೂ ಒಂದೊಂದು ರೊಟ್ಟಿ ಕೊಟ್ಟು ಕಳಿಸಿದರು, ತಾವು ಬೆಣ್ಣೆ ಹಚ್ಚಿಕೊಂಡು ನಿಂತಲ್ಲೇ ತಿಂದರು. ಅಂದಿನಿಂದ ನನಗೆ ಅವರ ಮೇಲೆ ಜೀವ.

ಅದಕ್ಕೇ ಅವರ ಪ್ರೀತಿಯ ಸುದ್ದಿ ನನ್ನನ್ನು ಅಷ್ಟು ಕುಗ್ಗಿಸಿದ್ದು. ಆ ಬೆಳಿಗ್ಗೆ ಅವರು ಎಲ್ಲವನ್ನೂ ಹೇಳಿದರು. ತಮ್ಮ ಪರಿಚಯದ ಒಬ್ಬ ಬ್ಯಾರನ್ನನ ಶವಸಂಸ್ಕಾರಕ್ಕೆಂದು ಚರ್ಚಿಗೆ ಹೋಗಿದ್ದರು. ಬಾಜುವಿನಲ್ಲಿ ಒಬ್ಬ ಮುದುಕರು ಕೂತಿದ್ದರು. ಅರ್ಧ ಪ್ರಾರ್ಥನೆ ಮುಗಿದ ಮೇಲೆ ಪಾದ್ರಿ ಸತ್ತವರ ಹೆಸರು ಹೇಳಿದರೆ, ಅದು ಯಾರೋ ಹೆಂಗಸು. ಆ ಚರ್ಚಿನಲ್ಲಿ ಅವತ್ತು ಎರಡು ಹೆಣಗಳಿದ್ದವು, ಬ್ಯಾರನ್ನನದು ಮಧ್ಯಾಹ್ನಕ್ಕೆ. ಅತ್ತೆ ತಿರುಗಿ ನೋಡಿದರೆ ಬಾಜುವಿನ ಮುದುಕರೂ ಅದೇ ಮುಖ ಮಾಡಿಕೊಂಡು ಇವರನ್ನು ನೋಡುತ್ತಿದ್ದಾರೆ! ನಡುವೆ ಎದ್ದರೆ ಮರ್ಯಾದೆಯಲ್ಲ, ಕೂತರೆ ನಗು. ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡು ಇಬ್ಬರ ಹೆಗಲೂ ಕುಣಿಯುತ್ತಿದ್ದವು. ಸತ್ತವಳ ಕಡೆಯವರು ಇವರು ಬಹಳ ಅಳುತ್ತಿದ್ದಾರೆಂದು ತಿಳಿದು ಬಂದು ಕೈ ಹಿಡಿದು ಸಮಾಧಾನ ಮಾಡಿದರಂತೆ. ಮುಂದೆ ಎದುರಿನ ಹೋಟೆಲಿನಲ್ಲಿ ಕಾಫಿ. ಆ ಮುದುಕರ ಹೆಸರು ಗಾಸ್ತೋಂ, ನಿವೃತ್ತ ನ್ಯಾಯಾಧೀಶರು, ಹೆಂಡತಿ ಇಲ್ಲದವರು.

"ಅವರನ್ನು ಎಲ್ಲರಿಗೂ ಪರಿಚಯಿಸಬೇಕು. ಜನ ನಗುತ್ತಾರೆ. ನಗಲಿ, ಆದರೆ ನನ್ನ ಮನೆಯಲ್ಲಿ, ನನ್ನ ಚಹಾ ಕುಡಿಯುತ್ತ ನಗಲಿ" ಎಂದರು ಅತ್ತೆ. ಹೀಗೆ ಹೇಳಿ ನನ್ನ ಕಡೆ ತಿರುಗಿದರು. "ನಿಮ್ಮಲ್ಲಿ ಮನೆಯಿಂದ ಹೊರಡುವ ಹೆಂಗಸರ ಸೆರಗಿನಲ್ಲಿ ಅಕ್ಕಿ ತುಂಬುತ್ತಾರೆಂದು ಹೇಳಿದ್ದಿರಲ್ಲ? ಎಷ್ಟು ಚಂದ ಅದು. ಆ ದಿನ ನನ್ನ ಸ್ನೇಹಿತೆಯರನ್ನು ಹಾಗೆ ಕಳಿಸಿಕೊಡುತ್ತೀರಾ?"

ಉಡಿ ತುಂಬುವುದನ್ನು ನಾನು ಅವರಿಗೆ ಬಣ್ಣಿಸಿದ್ದು ನಿಜ. ಅದರಲ್ಲಿ ಚಂದವಿದ್ದದ್ದನ್ನು ಹೇಳಿದ್ದೆ, ಬಾಗಿಲ ಮರೆಯ ಕಾಲ್ಬೆರಳುಗಳನ್ನು ಬಿಟ್ಟಿದ್ದೆ. ಪರದೇಶದಲ್ಲಿ ನಾವೆಲ್ಲ ಹೀಗೇ, ಊರನ್ನು ತೊಳೆದು ಒರೆಸಿ ತೋರಿಸುತ್ತೇವೆ.

ಚಹಾದ ದಿನ ಮಧ್ಯಾಹ್ನ ರಿಬ್ಬನ್ನಿನ ಕುರ್ಚಿಗಳ ರಿಬ್ಬನ್ನು ಬಿಚ್ಚಿದರು. ಮುತ್ತಿನ ಸರ, ತುಪ್ಪಳದ ಕೋಟು, ಮೆಲುದನಿ. ಗಾಸ್ತೋಂ ಅವರ ಕೋಟಿನ ತೋಳು ಸವೆದಿತ್ತು. ಅವರಿಗೆ 'ದ' ಕೂಡ ಇಲ್ಲ. ಹೆಂಗಸರು ಅವರನ್ನು ನೋಡುವುದನ್ನು ನಾನು ನೋಡಿದೆ. ಕಲಘಟಗಿಯ ನಳದ ಮುಂದೆ ಕೊಡ ಹಿಡಿದು ನಿಂತವರ ಕಣ್ಣು ಅವು, ಮೇಲೆ ಸುಗಂಧ ಹಚ್ಚಿದ್ದರು ಅಷ್ಟೆ. ಒಬ್ಬಳು ನನ್ನ ಕಿವಿಯ ಹತ್ತಿರ, "ನಿಮ್ಮ ಅತ್ತೆ ಧೈರ್ಯವಂತೆ. ನಮ್ಮಲ್ಲಿ ದುಎರಿಯೇರ್ ಆದವಳು ಬೆಕ್ಕು ಸಾಕುತ್ತಾಳೆ" ಎಂದಳು. ದುಎರಿಯೇರ್ ಎಂದರೆ ದೊಡ್ಡ ಮನೆತನದ ವಿಧವೆ. ಎಲ್ಲರ ಮನೆಯ ದೋಸೆಯೂ ತೂತೇ ಎಂದು ಒಳಗೊಳಗೇ ಸಮಾಧಾನವಾಯಿತು ನನಗೆ.

ಹೊರಡುವ ಹೊತ್ತಿಗೆ ನಾನು ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತೆ. ಅಕ್ಕಿ, ಒಣ ಕೊಬ್ಬರಿ, ಖರ್ಜೂರ, ರೇಷ್ಮೆಯ ತುಂಡುಗಳು. ಸೆರಗಿಲ್ಲದ ಆ ಹೆಂಗಸರು ಶಾಲು ಚಾಚಿದರು, ಒಬ್ಬಳು ಹ್ಯಾಟನ್ನೇ ಒಡ್ಡಿದಳು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಪಕ್ಕದಲ್ಲಿ ರೋಜಾ ಎಲ್ಲರ ಕೋಟುಗಳನ್ನು ಹಿಡಿದು ನಿಂತಿದ್ದಳು. ಸಾಲಿನ ಕೊನೆಗೆ ಮದಾಮ್ ಎಲೆನ್ ಬಂದರು. ತಮಾಷೆಗೆ ತಾವೂ ಅತಿಥಿಯಂತೆ ನಿಂತು, ನೀಲಿ ಶಾಲಿನ ಎರಡೂ ತುದಿ ಹಿಡಿದು, ಹುಡುಗಿಯ ಹಾಗೆ ಕತ್ತು ಓರೆ ಮಾಡಿ ಶಾಲು ಚಾಚಿದರು. ಗಾಸ್ತೋಂ ಹಿಂದೆ ನಿಂತು ನೋಡುತ್ತಿದ್ದರು.

ನನ್ನ ಮುಷ್ಟಿಯಲ್ಲಿ ಅಕ್ಕಿಯಿತ್ತು. ಕೈ ಮೇಲೆದ್ದಿತು. ಎದ್ದ ಕೈ ಅವರ ಶಾಲನ್ನು ದಾಟಿ, ಬಾಜುವಿನಲ್ಲಿದ್ದ ರೋಜಾಳ ಎಪ್ರನ್ನಿಗೆ ಅಕ್ಕಿ ಸುರಿಯಿತು.

ನಾನು ಯೋಚಿಸಿ ಮಾಡಿದ್ದಲ್ಲ, ಆಣೆ. ಕೈಗೆ ಗೊತ್ತಿತ್ತು. ರೋಜಾಳಿಗೆ ಗಂಡ ಇದ್ದಾನೆ, ಇವರಿಗೆ ಇಲ್ಲ. ರೋಜಾ ಗಾಬರಿಯಾಗಿ, "ನನಗಲ್ಲ, ಮದಾಮಿಗೆ" ಎಂದು ಪಿಸುಗುಟ್ಟಿದಳು. ಅಷ್ಟರಲ್ಲಿ ಎಲ್ಲರಿಗೂ ಕಂಡಿತ್ತು. ಅತ್ತೆ ಬರಿ ಶಾಲು ಹಾಗೇ ಚಾಚಿಕೊಂಡು ಎಷ್ಟು ಹೊತ್ತು ನಿಂತರೋ. ಮುಖದ ನಗು ಮಾತ್ರ ಸಡಿಲಾಗಲಿಲ್ಲ. ಆಮೇಲೆ ಶಾಲನ್ನು ಮಡಿಸಿ ಹೆಗಲಿಗೆ ಹಾಕಿಕೊಂಡು, "ಮನೆಯವರಿಗೆ ಯಾವಾಗಲೂ ಕೊನೆಗೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ನೆಲ ಬಾಯಿ ಬಿಡಲಿ ಎನಿಸಿತು. ಅದು ಗಟ್ಟಿ ಮರದ ನೆಲ, ಬಿಡಲಿಲ್ಲ.

ಮರುದಿನ ಬೆಳಿಗ್ಗೆ ನಾನೇ ಹೋಗಿ ಅವರ ಮುಂದೆ ಕೂತೆ. ಹರಕು ಮುರುಕು ಫ್ರೆಂಚಿನಲ್ಲಿ ಎಲ್ಲ ಹೇಳಿದೆ. ಗಂಡ ಸತ್ತವಳಿಗೆ ತುಂಬುವುದಿಲ್ಲ, ಅವಳು ಬೇರೆಯವರಿಗೂ ತುಂಬುವಂತಿಲ್ಲ. ಅವರು ಸಿಟ್ಟಾಗಲಿಲ್ಲ. ಇಷ್ಟೇ ಕೇಳಿದರು:

"ಹಾಗಾದರೆ ನಿಮ್ಮ ತಾಯಿಗೆ?"

"ಇಲ್ಲ."

"ನೀವು ಇಲ್ಲಿಗೆ ಹೊರಟ ದಿನ ಅವರು ನಿಮಗೆ ತುಂಬಲಿಲ್ಲವೇ?"

"ಇಲ್ಲ. ಬಾಗಿಲ ಹಿಂದೆ ಇದ್ದಳು."

ಅವರು ನನ್ನ ಕೈಯನ್ನು ಎರಡು ಸಲ ತಟ್ಟಿದರು. "ನನ್ನದು ಬಿಡಿ. ನಿನ್ನೆ ಬಂದವರಲ್ಲಿ ಅರ್ಧ ಜನ ಇನ್ನು ನನ್ನನ್ನು ಊಟಕ್ಕೆ ಕರೆಯುವುದಿಲ್ಲ, ನೋಡುತ್ತಿರಿ. ಅವರು ಶಾಲನ್ನು ದಾಟುವುದು ಹಾಗೆ. ಆದರೆ ನಿಮ್ಮ ತಾಯಿ ಅಷ್ಟು ವರ್ಷ ಬಾಗಿಲ ಹಿಂದೆ..." ಎಂದು ನಿಲ್ಲಿಸಿದರು. ಅವರು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವ್ವನನ್ನು ನೋಡದ ಹೆಂಗಸು ಅವ್ವನಿಗಾಗಿ ಕಣ್ಣು ಒರೆಸಿಕೊಂಡದ್ದನ್ನು ತಡೆಯಲಾಗಲಿಲ್ಲ. ಅವತ್ತೇ ನಿಶ್ಚಯ ಮಾಡಿದೆ. ಊರಿಗೆ ಹೋದಾಗ ಅವ್ವನ ಕೈಯಿಂದಲೇ ಉಡಿ ತುಂಬಿಸಿಕೊಳ್ಳಬೇಕು. ಎಲ್ಲರ ಮುಂದೆ, ಪಡಸಾಲೆಯಲ್ಲಿ.

ಸಂಕ್ರಾಂತಿಯ ಹೊತ್ತಿಗೆ ಹೋದೆ. ಅಷ್ಟರಲ್ಲಿ ನನಗೆ ದಿನ ತುಂಬುತ್ತಿದ್ದವು ಎನ್ನುವಂತಿಲ್ಲ, ಆದರೆ ಹೊಟ್ಟೆ ಕಾಣುತ್ತಿತ್ತು. ಲೂಕನಿಗೆ ರಜೆ ಸಿಗಲಿಲ್ಲ, ಒಬ್ಬಳೇ ಬಂದಿದ್ದೆ. ಭತ್ತದ ಸುಗ್ಗಿ ಮುಗಿದು ಮನೆಯಲ್ಲಿ ಹೊಸ ಅಕ್ಕಿಯ ವಾಸನೆ. ಪ್ಯಾರಿಸ್ಸಿನಲ್ಲಿ ಊರಿಗಾಗಿ ಅತ್ತವಳು ಊರಿಗೆ ಬಂದ ಎರಡನೆಯ ದಿನಕ್ಕೆ ಬಾಗಿಲು ಹಾಕಿಕೊಳ್ಳುವ ಬಚ್ಚಲಿಗಾಗಿ, ಒಬ್ಬಳೇ ಕೂಡುವ ಕಿಟಕಿಗಾಗಿ ಹಂಬಲಿಸಿದೆ. ಬಂದವರೆಲ್ಲ ಹೊಟ್ಟೆ ಮುಟ್ಟಿ ನೋಡುವವರು. "ಫಾರಿನ್ ಕೂಸು, ಬೆಳ್ಳಗ ಹುಟ್ಟತೈತಿ ಬಿಡು" ಎನ್ನುವವರು.

ಅವ್ವನಿಗೆ ಬೇಕಾದದ್ದು ಒಂದೇ ಕಥೆ. ಅತ್ತೆಯ ಪ್ರೀತಿಯನ್ನು ಮೊದಲ ಸಲ ಹೇಳಿದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು.

"ಹೆಣಾ ತಪ್ಪಿ ಕುಂತಿದ್ರ?"

"ಹೌದಬೇ."

"ಗುರ್ತಿಲ್ಲದಾಕಿ ಹೆಣದ ಮುಂದ ಕುಂತು ನಕ್ಕಳಾ ನಿಮ್ಮತ್ತಿ?"

"ಇಬ್ಬರೂ ನಕ್ಕರು. ಜನ ಅಳಾಕತ್ತಾರ ಅಂತ ತಿಳಕೊಂಡ್ರು."

ಅವ್ವ ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ಹೆಂಚಿನ ಮೇಲಿನ ರೊಟ್ಟಿ ಕರಕಾಯಿತು. ಅವ್ವ ಹಾಗೆ ನಕ್ಕದ್ದನ್ನು ನಾನು ಅಪ್ಪ ಇದ್ದಾಗ ನೋಡಿದ್ದು. ಕಾಕಿ ಹೊರಗಿನಿಂದ, "ಏನ ನಡಸೀರಿ ತಾಯಿ ಮಗಳು?" ಎಂದು ಕೂಗಿದಾಗ ತಟ್ಟನೆ ಮುಖ ಒರೆಸಿಕೊಂಡು ಸುಮ್ಮನಾದಳು. ಅಲ್ಲಿಂದ ಮುಂದೆ ಕಾಕಿ ಹೊಲಕ್ಕೋ ಸಂತಿಗೋ ಹೋದಾಗೆಲ್ಲ, "ಆ ಮುದುಕಂದು ಹೇಳಬೇ" ಎಂದು ಬದಿಗೆ ಬಂದು ಕೂಡುತ್ತಿದ್ದಳು. ಒಂದು ದಿನ ಅಕ್ಕಿ ಆರಿಸುತ್ತ, ತಲೆ ಎತ್ತದೆ ಕೇಳಿದಳು:

"ಅಲ್ಲ, ಆಕಿ ಗಂಡಂದು ಫೋಟೋ ಗ್ವಾಡಿ ಮ್ಯಾಲ ಇತ್ತಂದಿ. ತಗದಳೇನು?"

"ಇಲ್ಲವಾ, ಅಲ್ಲೇ ಐತಿ. ಆ ಮುದುಕರು ಬಂದಾಗ ಅದರ ಧೂಳಾ ವರಸ್ತಾರ."

"ಹೌದ?" ಎಂದಳು. ಬಹಳ ಹೊತ್ತು ಮೊರವನ್ನು ಅತ್ತಿಂದಿತ್ತ ಆಡಿಸಿದಳು. "ಶ್ಯಾಣ್ಯಾ ಅದಾನ" ಎಂದಳು.

ಆಗಲೇ ನಾನು ಮನಸ್ಸಿನಲ್ಲಿದ್ದದ್ದನ್ನು ಹೇಳಿದೆ. ಈ ಸಲ ನೀನೇ ನನಗೆ ಉಡಿ ತುಂಬಬೇಕು. ಅವ್ವ ಮೊರ ಕೆಳಗಿಟ್ಟಳು.

"ಹುಚ್ಚಿ ಅದಿಯೇನು? ಹೊಟ್ಟೀಲೆ ಇದ್ದಾಕಿ ನೀ."

"ಇದ್ರ ಏನಾತು? ನನ್ನ ಹಡದಾಕಿ ನೀ. ನಿನ್ನ ಕೈ ನನಗ ಕೇಡು ಮಾಡತೈತೇನು?"

"ನನಗ ಗೊತ್ತಿಲ್ಲವಾ ಅದೆಲ್ಲಾ. ಬ್ಯಾಡ."

ನಾನು ಬಿಡಲಿಲ್ಲ. ಪಾಠ ಹೇಳುವ ದನಿಯಲ್ಲಿ ಶರಣರನ್ನು ಕರೆದೆ, ಗೋಡೆಯ ಮೇಲಿನ ಕಟ್ಟು ತೋರಿಸಿದೆ, ಫ್ರಾನ್ಸನ್ನು ಕರೆದೆ, ಅತ್ತೆಯನ್ನು ಕರೆದೆ. ದಿನವೂ ಕಾಡಿದೆ. ಹೊರಡುವ ಹಿಂದಿನ ದಿನ ಅವ್ವ, "ಆತು. ನೀ ಅಂಜಲಿಲ್ಲಂದ್ರ ನಾ ಯಾಕ ಅಂಜಲಿ?" ಎಂದಳು. ನನಗೆ ಗೆದ್ದ ಸಂತೋಷ.

ಹೊರಡುವ ದಿನ ಕಾಕಿ ಎಂದಿನಂತೆ ಮೊರ ಸಿದ್ಧಮಾಡಿ ತಂದಳು. ಓಣಿಯ ನಾಲ್ಕಾರು ಹೆಂಗಸರು ಸೇರಿದ್ದರು. ನಾನು ಚಾಪೆಯ ಮೇಲೆ ಕೂತು, "ಕಾಕೀ, ಈ ಸಲ ಅವ್ವ ತುಂಬತಾಳ" ಎಂದೆ. ಕಾಕಿ ನನ್ನ ಮುಖ ನೋಡಿದಳು, ಹೊಟ್ಟೆ ನೋಡಿದಳು. "ನಿಮ್ಮ ಇಚ್ಛಾ. ನಾಳೆ ಏನರ ಆದ್ರ ನಮ್ಮ ಹೆಸರು ಹೇಳಬ್ಯಾಡ್ರಿ" ಎಂದು ಮೊರವನ್ನು ನೆಲಕ್ಕಿಟ್ಟು ಹಿಂದೆ ಸರಿದಳು.

ಅವ್ವ ಕೈ ತೊಳೆದುಕೊಂಡು ಬಂದಳು. ಒಗೆದ ಸೀರೆ ಉಟ್ಟಿದ್ದಳು, ವಿಭೂತಿ ಹಚ್ಚಿಕೊಂಡಿದ್ದಳು. ಅಡುಗೆಮನೆಯ ಹೊಸ್ತಿಲು ದಾಟಿ ಪಡಸಾಲೆಗೆ ಬಂದು, ಎಲ್ಲರ ಮುಂದೆ ನನ್ನೆದುರು ಮೊಣಕಾಲೂರಿದಳು. ಎರಡೂ ಬೊಗಸೆಯಲ್ಲಿ ಅಕ್ಕಿ ತೆಗೆದುಕೊಂಡಳು. ನಾನು ಸೆರಗು ಚಾಚಿದೆ.

ಬೊಗಸೆ ನನ್ನ ಸೆರಗಿನ ಮೇಲೆ ಬಂದಾಗ ಒಳಗೆ ಕೂಸು ಮಿಸುಕಿತು. ಅಷ್ಟೇ. ದಿನಕ್ಕೆ ಹತ್ತು ಸಲ ಮಿಸುಕುವ ಕೂಸು. ದೂರದಲ್ಲಿ ಒಬ್ಬನೇ ಇರುವ ಲೂಕ್ ಕಣ್ಣ ಮುಂದೆ ಬಂದ, ಇಲ್ಲದ ರಸ್ತೆಗಳಲ್ಲಿ ಇಲ್ಲದ ಕಾರುಗಳು ಅವನ ಮೇಲೆ ಬಂದವು. ನನ್ನ ಕೈ ಸೆರಗನ್ನು ಹಿಡಿದು ಹೊಟ್ಟೆಯ ಕಡೆಗೆ ಎಳೆದುಕೊಂಡಿತು. ಒಂದು ಗೇಣು ಕೂಡ ಇಲ್ಲ. ಬೇರೆ ಯಾರಿಗೂ ಕಾಣದಷ್ಟು.

ಅವ್ವನಿಗೆ ಕಂಡಿತು.

ಅವಳು ನನ್ನ ಮುಖ ನೋಡಿದಳು. ನಾನು ತಕ್ಷಣ ಸೆರಗನ್ನು ಮತ್ತೆ ಚಾಚಿದೆ. "ಹಾಕಬೇ, ಹಾಕು" ಎಂದೆ, ದನಿ ಒಡೆದಿತ್ತು. ಅವ್ವ ಬೊಗಸೆಯನ್ನು ಹಿಂದಕ್ಕೆ ತಂದು ಅಕ್ಕಿಯನ್ನು ಮೊರದೊಳಗೆ ಇಳಿಸಿದಳು, ಒಂದು ಕಾಳೂ ಚೆಲ್ಲದ ಹಾಗೆ. ಕಾಕಿಯ ಕಡೆ ತಿರುಗಿ, "ನನ್ನ ಕೈ ನಡಗಾಕತ್ತಾವು. ನೀನೇ ತುಂಬು. ಬಸ್ಸಿಗಿ ಹೊತ್ತಾತು" ಎಂದಳು. ಕಾಕಿ ತುಂಬಿದಳು. ಓಣಿಯ ಹೆಂಗಸರು ಹಾಡಿದರು. ಈ ಸಲ ಅವ್ವ ಬಾಗಿಲ ಮರೆಗೆ ಹೋಗಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ನೆಟ್ಟಗೆ ನನ್ನನ್ನು ನೋಡುತ್ತ ನಿಂತಳು. ನಾನು ತಲೆ ಎತ್ತಲಿಲ್ಲ.

ಹುಬ್ಬಳ್ಳಿಯ ಬಸ್ಸು ಹೊರಡುವ ಮೊದಲು ಅವಳು ಕಿಟಕಿಯ ಹತ್ತಿರ ಬಂದಳು. ನಾನು ಏನಾದರೂ ಹೇಳಬೇಕಿತ್ತು. ಅವ್ವ ಸೊಂಟದಿಂದ ಒಂದು ಗಂಟು ತೆಗೆದು ಕಿಟಕಿಯೊಳಗೆ ಕೊಟ್ಟಳು. ಬಿಚ್ಚಿ ನೋಡಿದರೆ ಒಂದು ಖಣ, ಹಸಿರಿಗೆ ಕೆಂಪು ಅಂಚು, ಮಡಿಕೆಯ ಗೆರೆಯಲ್ಲಿ ಬಣ್ಣ ಮಾಸಿತ್ತು. ಅವಳ ಮದುವೆಯಲ್ಲಿ ಉಡಿಗೆ ಬಂದದ್ದು, ಹೊಲಿಸದೆ ಟ್ರಂಕಿನಲ್ಲಿ ಇಟ್ಟಿದ್ದಳು.

"ನನಗೇನಬೇ ಇದು?"

"ನಿನಗಲ್ಲ" ಎಂದಳು ಅವ್ವ. "ನಮ್ಮ ಬೀಗತಿಗಿ. ಆ ಮುದುಕನ ಕೂಡ ಲಗ್ನಾದಾಗ ಉಡ್ಯಾಗ ಹಾಕು. ಆಕಿಗಾದ್ರ ಅಂಜಿಕಿ ಇಲ್ಲ. ತಗೋತಾಳ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬೀಗರ ಯೋಗಕ್ಷೇಮ ಕೇಳುವ ದನಿ ಅದು. ಬಸ್ಸು ಹೊರಟಿತು. ಬೆಣ್ಣೆಯಂಥ ಬಿಸಿಲಿನಲ್ಲಿ ಅವಳು ಕೈ ಎತ್ತಿದ್ದು ಕಾಣಿಸಿತು.

ಅತ್ತೆಯ ಮದುವೆ ವಸಂತದಲ್ಲಿ ಆಯಿತು. ಅವರೆಂದಂತೆ ಅರ್ಧ ಜನ ಬರಲಿಲ್ಲ. ಅವತ್ತು ನಾನು ರಿಬ್ಬನ್ನಿನ ಕುರ್ಚಿಯಲ್ಲಿ ಅವರನ್ನು ಕೂಡಿಸಿ ಅಕ್ಕಿ ತುಂಬಿದೆ. ಕೈ ಅಳುಕಲಿಲ್ಲ. ಇಲ್ಲಿ ಅಳುಕುವುದಕ್ಕೆ ಏನಿದೆ? ಅವರಿಗೆ ಅದು ಚಂದದ ಆಟ, ನೋಡುವವರಿಗೂ ಆಟ. ಆಟದಲ್ಲಿ ಧೈರ್ಯ ಮಾಡುವುದು ಸುಲಭ. ಅದು ಆಟವಲ್ಲದ ಊರಿನಲ್ಲಿ, ನನ್ನ ಅವ್ವನ ಬೊಗಸೆಯ ಮುಂದೆ, ನನ್ನ ಧೈರ್ಯ ಒಂದು ಗೇಣೂ ನಿಲ್ಲಲಿಲ್ಲ. ಇವರ ನಡುವೆ ನಾನು ಕಲಘಟಗಿಯವಳು, ಕಲಘಟಗಿಯಲ್ಲಿ ಫ್ರಾನ್ಸಿನ ಮಾತಾಡುವವಳು. ಎರಡೂ ಕಡೆ ಅರ್ಧರ್ಧ ಸುಳ್ಳು.

ಕೊನೆಗೆ ಖಣ ಇಟ್ಟೆ. ಅತ್ತೆ ಅದರ ಅಂಚನ್ನು ಬೆರಳಿನಿಂದ ಸವರಿ, ಇದು ಎಲ್ಲಿಯದು ಎಂದು ಕೇಳಿದರು. ನನ್ನ ಅವ್ವನದು, ತನ್ನ ಮದುವೆಯದನ್ನು ಕಳಿಸಿದ್ದಾಳೆ ಎಂದೆ. ಅವರ ಕಣ್ಣು ತುಂಬಿದವು. ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಕೇಳಿದರು:

"ಕೊಡುವಾಗ ಏನಂದರು?"

"'ಅವರು ತೆಗೆದುಕೊಳ್ಳುತ್ತಾರೆ' ಅಂದಳು" ಎಂದೆ. ಉಳಿದರ್ಧವನ್ನು ಫ್ರೆಂಚಿಗೆ ತರಲಿಲ್ಲ.